ಗಾಜಿನ ತೊಟ್ಟಿಯ ಕೊನೆಯ ಮೀನು

"ಉಸ್ತಾದ್ರೇ, ಒಬ್ಬನ್ನ ಹೊರಗೆ ಹಾಕಿದ್ರೆ ಇಡೀ ಗರಡಿ ನೆಮ್ಮದಿಯಾಗಿರುತ್ತೆ ಅಂದ್ಮೇಲೆ, ಹಾಕೋದ್ರಲ್ಲಿ ತಪ್ಪೇನಿದೆ?"

ಹೀಗೆ ಕೇಳಿದವನು ಬೋರಲಿಂಗ, ಆ ಗರಡಿಯ ಎರಡನೆಯ ಪೈಲ್ವಾನ. ಮೊದಲನೆಯವನು ದ್ಯಾವಣ್ಣ. ಹೊರಗೆ ಹಾಕಬೇಕಾದ ಆ ಒಬ್ಬ ಯಾರೆಂದು ಬೋರಲಿಂಗ ಹೇಳಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ. ಹಿಂದಿನ ದಿನ ಸಾಮಿನ ಹೊತ್ತಿನಲ್ಲಿ ದ್ಯಾವಣ್ಣ ಹೊಸಬ ಪುಟ್ಟಮಾದುವಿನ ತೋಳನ್ನು ತಿರುಚಿದ್ದ. ಪುಟ್ಟಮಾದು ನೆಲ ತಟ್ಟಿ ಸೋಲೊಪ್ಪಿದ. ಆಮೇಲೂ ದ್ಯಾವಣ್ಣ ತಿರುಚಿದ. ದಿನಸಿ ಮಂಡಿಯಲ್ಲಿ ಮೂಟೆ ಹೊತ್ತು ಹೊಟ್ಟೆ ಹೊರೆಯುತ್ತಿದ್ದ ಹುಡುಗನ ಆ ತೋಳು ಇನ್ನು ಭುಜದಿಂದ ಮೇಲೆ ಏಳುವುದಿಲ್ಲ ಎಂದು ಆಸ್ಪತ್ರೆಯವರು ಹೇಳಿ ಕಳಿಸಿದ್ದರು.

ಪಾಪಣ್ಣ ಉಸ್ತಾದರು ಕುಸ್ತಿಯಾಡುವ ಮಟ್ಟಿಯ ಕೆಮ್ಮಣ್ಣಿಗೆ ಎಣ್ಣೆ ಬೆರೆಸುತ್ತಾ ಕುಕ್ಕರುಗಾಲಿನಲ್ಲಿ ಕೂತಿದ್ದರು. ಯಾವ ಪ್ರಶ್ನೆ ಕೇಳಿದರೂ ತಮ್ಮ ಪರಾಕ್ರಮದಿಂದಲೇ ಉತ್ತರ ಶುರು ಮಾಡುವುದು ಅವರ ರೂಢಿ. ಅಂದೂ ಹಾಗೆಯೇ ಮಾಡಿದರು.

"ಬೋರಲಿಂಗ, ನನ್ನ ಕೈಗುಣ ನಿನಗೆ ಗೊತ್ತಲ್ಲ. ಗೂನು ಬೆನ್ನಿನವನನ್ನ ಒಂದು ಸಲ ಉಜ್ಜಿದ್ರೆ ತೆಂಗಿನ ಮರದ ಹಾಗೆ ನೆಟ್ಟಗಾಗ್ತಾನೆ. ಮನೆಗೆ ಹೋಗಿ ಬಾಗಿಲಿಗೆ ತಲೆ ಹೊಡ್ಕೊಂಡು ಮತ್ತೆ ನನ್ನ ಹತ್ರಾನೇ ಬರ್ತಾನೆ. ಅಂಥಾ ಕೈ ಇದು. ಈ ಕೈ ಹುಡುಕ್ಕೊಂಡು ಒಬ್ಬ ವ್ಯಾಪಾರಿ ಹೇಳಿ ಕಳಿಸಿದ್ದ, ಸೊಂಟ ಹಿಡ್ಕೊಂಡಿದೆ ಅಂತ. ಅವನ ಮನೆ ನಡುಮನೇಲಿ ಒಂದು ಗಾಜಿನ ತೊಟ್ಟಿ. ಎಷ್ಟು ದೊಡ್ಡದು ಅಂದ್ರೆ, ಈ ಕಡೆ ಮೀನು ಆಕಳಿಸಿದ್ರೆ ಆ ಕಡೆ ಮೀನಿಗೆ ಮಾರನೇ ದಿನ ಸುದ್ದಿ ಮುಟ್ತಿತ್ತು."

ಬೋರಲಿಂಗ ಮನಸ್ಸಿನ ಭಾರ ಮರೆತು ನಕ್ಕ. "ನಿಜಾನಾ ಉಸ್ತಾದ್ರೇ?"

"ಸುಳ್ಳು," ಎಂದರು ಉಸ್ತಾದರು. "ಇನ್ನು ಮುಂದಿನದು ಮಾತ್ರ ನಿಜ."

ಮಣ್ಣಿನಿಂದ ಕೈ ಎತ್ತದೆ ಅವರು ಹೇಳಿದ ಕತೆ ಇದು.

ಆ ವ್ಯಾಪಾರಿ ಜವಳಿ ಮಾರುವವನು. ಮನುಷ್ಯ ಮೆದು. ಅಂಗಡಿಯ ಆಳನ್ನೂ ಏಕವಚನದಲ್ಲಿ ಕರೆದವನಲ್ಲ. ಅವನು ಆಸೆಪಟ್ಟು ಡಿಸ್ಕಸ್ ಮೀನುಗಳನ್ನು ತಂದು ಸಾಕಿದ. ತಟ್ಟೆಯ ಹಾಗೆ ದುಂಡಗೆ, ಚಪ್ಪಟೆಯಾಗಿ, ನೋಡಿದವರು ಕಣ್ಣು ತೆಗೆಯದಂಥ ಮೀನುಗಳು. ಬಿಸಿ ಹದವಾಗಿರಬೇಕು, ನೀರು ದಿನವೂ ಬದಲಾಗಬೇಕು, ಹೊಸ ಮದುಮಗಳಿಗಿಂತ ಹೆಚ್ಚಿನ ಉಪಚಾರ. ಆರೇಳು ಇದ್ದವು. ಎಲ್ಲಕ್ಕಿಂತ ದೊಡ್ಡದು ಕೆಂಪು ಮೀನು. ವ್ಯಾಪಾರಿ ದಿನವೂ ತೊಟ್ಟಿಯ ಒಂದೇ ಮೂಲೆಯಲ್ಲಿ ಕೈ ಅದ್ದಿ ಹುಳು ತಿನ್ನಿಸುತ್ತಿದ್ದ. ಕೆಂಪು ಮೀನು ಬಂದು ಬೆರಳಿಗೆ ಮೂತಿ ತಾಗಿಸಿದರೆ ಅವನಿಗೆ ಸ್ವರ್ಗ. ಆ ಮೂಲೆ ಕೆಂಪು ಮೀನಿನದಾಯಿತು. ಅಲ್ಲಿಗೆ ಬಂದ ನೀಲಿ ಮೀನಿನ ಪಕ್ಕೆಗೆ ಅದು ಗುದ್ದುತ್ತಿತ್ತು. ನೀಲಿ ತಿರುಗಿ ಹಳದಿಯನ್ನು ಗುದ್ದುತ್ತಿತ್ತು. ಹಳದಿ ಇನ್ನೊಂದನ್ನು. ಹೀಗೆ ಇಳಿದು ಇಳಿದು ಕೊನೆಗೆ ಏಟೆಲ್ಲ ಬಂದು ಸೇರುತ್ತಿದ್ದುದು ಒಂದು ಕಂದು ಮೀನಿನ ಮೈಮೇಲೆ. ಅದಕ್ಕೆ ಗುದ್ದಲು ಯಾರೂ ಇರಲಿಲ್ಲ. ನೀರು ಕಾಯಿಸುವ ಕೊಳವೆಯ ಹಿಂದೆ ತಲೆ ಕೆಳಗೆ ಮಾಡಿ ನಿಂತಿರುತ್ತಿತ್ತು. ಮೈ ಕಪ್ಪಿಟ್ಟಿತು. ಹಣೆ ಒಳಗೆ ಹೋಯಿತು.

ವ್ಯಾಪಾರಿಗೆ ಆ ಕಂದು ಮೀನಿನ ಮೇಲೆ ಜೀವ. ಅದನ್ನು ಹೇಗಾದರೂ ಉಳಿಸಬೇಕೆಂದು ಒಂದು ದಿನ ಬಲೆ ಹಾಕಿ ಕೆಂಪು ಮೀನನ್ನು ಎತ್ತಿ, ಬಕೆಟ್ಟಿಗೆ ಬಿಟ್ಟು, ಮೀನಿನಂಗಡಿಯವನಿಗೆ ಕೊಟ್ಟು ಬಂದ.

"ಸರಿಯಾದ ಕೆಲಸ ಮಾಡಿದ," ಎಂದ ಬೋರಲಿಂಗ. ದ್ಯಾವಣ್ಣನ ಪಟ್ಟುಗಳಿಗೆ ಸಿಕ್ಕಿ ಸಿಕ್ಕಿ ಅವನ ಎಡಗಿವಿ ವರ್ಷಗಳ ಹಿಂದೆಯೇ ಮುದುಡಿ ಹೋಗಿತ್ತು. ಕೆಂಪು ಮೀನು ಬಕೆಟ್ಟಿನಲ್ಲಿ ಬಡಿದಾಡುವುದು ಅವನ ಕಣ್ಣಿಗೆ ಕಟ್ಟಿದಂತಾಯಿತು. ಹಿತವಾಯಿತು.

ಉಸ್ತಾದರು ಮಣ್ಣು ಕಲಸುತ್ತಲೇ ಮುಂದುವರಿಸಿದರು.

ಆ ದಿನ ತೊಟ್ಟಿ ಶಾಂತವಾಗಿತ್ತು. ವ್ಯಾಪಾರಿ ಅಂಗಡಿಯವರಿಗೆಲ್ಲ ಪೇಡ ಹಂಚಿದ. ಮರುದಿನ ಬೆಳಿಗ್ಗೆ ನೋಡಿದರೆ ನೀಲಿ ಮೀನು ಆ ಮೂಲೆಯಲ್ಲಿ ನಿಂತಿತ್ತು. ಕೆಂಪು ಮೀನಿನ ಏಟನ್ನು ಎಲ್ಲರಿಗಿಂತ ಹೆಚ್ಚು ತಿಂದದ್ದು ಅದೇ. ಹಾಗಾಗಿ ಮೈಯಲ್ಲಿ ಎಲ್ಲಿ ತಾಗಿದರೆ ನೋಯುತ್ತದೆ ಎಂಬುದು ಅದಕ್ಕೆ ಪಾಠವಾಗಿತ್ತು. ಕೆಂಪು ಮೀನು ಪಕ್ಕೆಗೆ ಗುದ್ದುತ್ತಿತ್ತು. ನೀಲಿ ಕಣ್ಣಿಗೆ ಗುದ್ದಿತು. ಸಂಜೆಯ ಹೊತ್ತಿಗೆ ಕಂದು ಮೀನಿನ ಒಂದು ಕಣ್ಣು ಹೋಗಿತ್ತು.

"ನಿಮ್ಮೆಲ್ಲರ ಕಷ್ಟ ಕಳೆಯಲಿ ಅಂತ ತಾನೇ ಅವನನ್ನ ತೆಗೆದದ್ದು, ಕೃತಘ್ನ!" ಎಂದು ವ್ಯಾಪಾರಿ ಗಾಜಿಗೆ ಬಾಯಿಟ್ಟು ಬೈದ. ನೀಲಿಯನ್ನೂ ಎತ್ತಿದ. ಹಳದಿ ಎದ್ದು ನಿಂತಿತು. ಹಳದಿಯನ್ನು ಎತ್ತುವ ದಿನ ಮೀನಿನಂಗಡಿಯವನು ತಾನಾಗಿಯೇ ಮನೆಗೆ ಬಂದ.

"ಸಾಹುಕಾರ್ರೇ, ತೆಗೀಬೇಡಿ. ಇನ್ನಷ್ಟು ಬಿಡಿ. ಗುಂಪು ದೊಡ್ಡದಿದ್ರೆ ಏಟು ಹಂಚಿ ಹೋಗುತ್ತೆ, ಯಾರೂ ಸಾಯಲ್ಲ. ನೀವು ಒಂದೊಂದೇ ತೆಗೆದಷ್ಟೂ ಉಳಿದವರ ಪಾಲು ಹೆಚ್ಚಾಗುತ್ತೆ. ಹುಳಾನೂ ಒಂದೇ ಕಡೆ ಹಾಕ್ಬೇಡಿ, ನಾಲ್ಕು ಕಡೆ ಚೆಲ್ಲಿ. ಆ ಮೂಲೆ ಇರೋವರೆಗೂ ಅಲ್ಲಿ ಒಬ್ಬ ನಿಲ್ತಾನೆ."

ವ್ಯಾಪಾರಿ ನಕ್ಕುಬಿಟ್ಟ. ಬದುಕಿಡೀ ಮಾರಿದವನು ಅವನು; ಒಂದು ಸೀರೆ ಕೊಳ್ಳಲು ಬಂದವರ ಕೈಗೆ ಎರಡು ಕೊಟ್ಟು ಕಳಿಸಿದವನು. ಯಾರಾದರೂ ಇನ್ನಷ್ಟು ತಗೊಳ್ಳಿ ಎಂದರೆ ಅದು ಅವನ ಕಿವಿಗೆ ಬೀಳುತ್ತಿದ್ದುದು ಒಂದೇ ಬಗೆಯಲ್ಲಿ, ಮಾರುವವನ ಉಪಾಯವಾಗಿ. "ಅಲ್ಲಯ್ಯಾ, ಮನೇಲಿ ಕಳ್ಳರು ಸೇರ್ಕೊಂಡಿದ್ದಾರೆ ಅಂದ್ರೆ ಇನ್ನೂ ನಾಲ್ಕು ಜನ ಕಳ್ಳರನ್ನ ಕರ್ಕೊಳ್ಳಿ ಅಂತೀಯಲ್ಲ. ವ್ಯಾಪಾರ ನನಗೇ ಕಲಿಸ್ತೀಯಾ?" ಎಂದು ಕಾಫಿ ಕುಡಿಸಿ ಕಳಿಸಿದ. ಕೈ ಅದ್ದುವ ಮೂಲೆಯನ್ನಂತೂ ಅವನು ಬಿಡಲು ಸಿದ್ಧನಿರಲಿಲ್ಲ. ಬೆರಳಿಗೆ ಮೀನು ಮೂತಿ ತಾಗಿಸದ ಮೇಲೆ ಮೀನು ಸಾಕಿ ಏನು ಸುಖ?

ಹಳದಿ ಹೋಯಿತು. ಅದರ ನಂತರದವೂ ಒಂದೊಂದಾಗಿ ಹೋದವು. ಕೊನೆಗೆ ತೊಟ್ಟಿಯಲ್ಲಿ ಉಳಿದದ್ದು ಒಕ್ಕಣ್ಣಿನ ಕಂದು ಮೀನು ಒಂದೇ.

"ಇನ್ನು ನಿನಗೆ ಯಾರ ಕಾಟವೂ ಇಲ್ಲ ಕಣೋ ಕಂದಾ," ಎಂದ ವ್ಯಾಪಾರಿ. ಅವನ ಕಣ್ಣು ತುಂಬಿತ್ತು.

ಕಂದು ಮೀನು ಎಷ್ಟೋ ದಿನ ಕೊಳವೆಯ ಹಿಂದೆಯೇ ನಿಂತಿತ್ತು. ಆಮೇಲೆ ಮೆಲ್ಲಗೆ ಹೊರಗೆ ಬಂತು. ಹುಳು ಮುಟ್ಟಿತು. ಮೈಯ ಕಪ್ಪು ಬಿಟ್ಟಿತು. ಹಣೆ ತುಂಬಿಕೊಂಡಿತು. ಒಂದು ದಿನ ಆ ಮೂಲೆಗೆ ಬಂದು ವ್ಯಾಪಾರಿಯ ಬೆರಳಿಗೆ ಮೂತಿ ತಾಗಿಸಿತು. ಅವನಿಗೆ ಆದ ಸಂತೋಷ ಹೇಳತೀರದು. ಒಂಟಿಯಾಗಿದೆ ಪಾಪ, ಜೊತೆಗೊಂದು ಇರಲಿ ಎಂದು ಓಡಿಹೋಗಿ ಒಂದು ಮರಿ ತಂದ. ಚಿಗುರು ವೀಳ್ಯದೆಲೆಯಷ್ಟು ಅಗಲದ ಮರಿ. ಬಲ್ಲವರನ್ನು ಕೇಳದೆ ತನಗೇ ತೋಚಿದ್ದು ಅದು. ದೊಡ್ಡದನ್ನು ತಂದರೆ ಕಂದು ಮೀನಿಗೆ ಹೊಡೆದೀತು ಎಂದು ಹುಡುಕಿ ಹುಡುಕಿ ಅತಿ ಚಿಕ್ಕದನ್ನೇ ಆರಿಸಿದ್ದ. ತೊಟ್ಟಿಗೆ ಬಿಟ್ಟು, ಒಳಗೆ ಹೋಗಿ ಊಟ ಮುಗಿಸಿ, ಕೈ ಒರೆಸಿಕೊಳ್ಳುತ್ತಾ ಬಂದ.

ಮರಿ ತಳದಲ್ಲಿ ಮಗ್ಗುಲಾಗಿ ಬಿದ್ದಿತ್ತು. ಅದರ ಎರಡು ಕಣ್ಣೂ ಇರಲಿಲ್ಲ. ಕಂದು ಮೀನು ಮೂಲೆಯಲ್ಲಿ ನಿಂತು, ರೆಕ್ಕೆ ಬಿಡಿಸಿ, ಅವನ ಬೆರಳಿಗಾಗಿ ಕಾಯುತ್ತಿತ್ತು. ಅಷ್ಟು ಚೆಂದದ ಬಣ್ಣ ಆ ತೊಟ್ಟಿಯಲ್ಲಿ ಅವನು ಯಾವತ್ತೂ ಕಂಡಿರಲಿಲ್ಲ.

ವ್ಯಾಪಾರಿ ಬಲೆ ಕೈಗೆ ತೆಗೆದುಕೊಂಡ. ಬಹಳ ಹೊತ್ತು ಹಾಗೇ ನಿಂತ.

ಉಸ್ತಾದರು ಅಲ್ಲಿಗೆ ಕತೆ ನಿಲ್ಲಿಸಿ, ಮಣ್ಣಿನ ಹೆಂಟೆಯೊಂದನ್ನು ಬೆರಳಲ್ಲಿ ಹಿಸುಕಿ ಪುಡಿ ಮಾಡಿದರು. ನೀಲಿ ಮೀನಿನ ಮಾತು ಬಂದಲ್ಲಿಂದ ಬೋರಲಿಂಗ ಒಮ್ಮೆಯೂ ನಕ್ಕಿರಲಿಲ್ಲ. ಕತೆ ತನಗೆ ಒಗ್ಗದ ಕಡೆಗೆ ಹೊರಳಿದೆ ಎಂದು ಅವನಿಗೆ ಅನ್ನಿಸಿತ್ತು. ಅದನ್ನು ಮತ್ತೆ ದಾರಿಗೆ ಎಳೆಯಲು ನೋಡಿದ.

"ಹಾಗಾದ್ರೆ ದ್ಯಾವಣ್ಣನ್ನ ಇಟ್ಕೊಳ್ಳೋಣ ಅಂತೀರಾ? ಪುಟ್ಟಮಾದು ತೋಳು ಹೋದದ್ದು ಸುಮ್ನೇನಾ?"

"ಇಟ್ಕೊಳ್ಳೋದೆಲ್ಲಿ ಬಂತು! ನೆಲ ತಟ್ಟಿದ ಮೇಲೂ ಕೈ ಬಿಡದವನಿಗೆ ಈ ಮಣ್ಣಲ್ಲಿ ಜಾಗ ಇಲ್ಲ. ಬೆಳಿಗ್ಗೆ ನೀನು ಬರೋಕೆ ಮುಂಚೇನೇ ಅವನ ಲಂಗೋಟಿ ಅವನ ಕೈಗೆ ಕೊಟ್ಟು ಕಳಿಸಿದೆ."

ಬೋರಲಿಂಗನ ಎದೆಯಿಂದ ಒಂದು ದೊಡ್ಡ ಉಸಿರು ಹೊರಟಿತು. ಅವನಿಗೇ ತಿಳಿಯದೆ ಭುಜಗಳು ಅಗಲವಾದವು. ಅವನ ಕಣ್ಣು ಗರಡಿಯ ಆಚೆ ಬದಿಗೆ ಹೋಯಿತು. ಅಲ್ಲಿ ನಾಲ್ಕೈದು ಜನ ಹೊಸಬರು ಗೋಡೆಗೆ ಅಂಟಿಕೊಂಡಂತೆ ನಿಂತು ಬಸ್ಕಿ ಹೊಡೆಯುತ್ತಿದ್ದರು. ಆ ನೋಟ ಒಬ್ಬೊಬ್ಬರನ್ನೇ ದಾಟಿಕೊಂಡು ಹೋಗಿ, ಎಲ್ಲರಿಗಿಂತ ಸಣಕಲನಾಗಿದ್ದವನ ಮೇಲೆ ನಿಂತಿತು.

ಉಸ್ತಾದರು ಅವನ ಕಣ್ಣನ್ನೇ ನೋಡುತ್ತಿದ್ದರು.

"ಇವತ್ತಿಂದ ದ್ಯಾವಣ್ಣನ ಜಾಗ ನಿಂದು ಬೋರಲಿಂಗ; ಮೊದಲು ಯಾರನ್ನ ಮಟ್ಟಿಗೆ ಎಳ್ಕೋಬೇಕು ಅಂತ ಲೆಕ್ಕ ಹಾಕ್ತಿದ್ದೀಯ, ಹೇಳು."