ಕಂಪ್ಯೂಟರ್ ಏಳದ ದಿನ ಹೊರಗೆ ಕೂತವಳು

ನನ್ನ ಹಳೆಯ ಡೈರಿಯಲ್ಲಿ 1999ರ ಫೆಬ್ರವರಿ 8, ಸೋಮವಾರದ ಪುಟ ಹೀಗಿದೆ: ‘ಆಶ್ರಮದ ಕಂಪ್ಯೂಟರ್ ಶುರುವಾಗಲಿಲ್ಲ. ಅದಕ್ಕೆ ನೀಲಾಂಬಿಕೆಯನ್ನು ಹೊರಗೆ ಕೂರಿಸಿದ್ದಾರೆ.’ ಸಿಟ್ಟಿನಲ್ಲಿ ಬರೆದ ಅಕ್ಷರ. ಆ ಸಿಟ್ಟು ಇವತ್ತಿಗೂ ಇಳಿದಿಲ್ಲ.

ಕಪಿಲಾ ನದಿಯ ದಡದಲ್ಲಿ ಒಂದು ಸಣ್ಣ ಆಶ್ರಮ. ಗುರುಗಳು ಸನ್ಯಾಸಕ್ಕೆ ಮೊದಲು ಪಾಲಿಟೆಕ್ನಿಕ್‌ನಲ್ಲಿ ರೇಡಿಯೋ ಪಾಠ ಹೇಳುತ್ತಿದ್ದವರು. ಎಲ್ಲರೂ ಅವರನ್ನು ‘ಬುದ್ಧಿ’ ಎಂದೇ ಕರೆಯುತ್ತಿದ್ದೆವು.

ಅವರ ಹಳೆಯ ಉಪನ್ಯಾಸಗಳೆಲ್ಲ ಕ್ಯಾಸೆಟ್ಟುಗಳಲ್ಲಿದ್ದವು. ಅವನ್ನು ಕೇಳಿ ಕಂಪ್ಯೂಟರಿನಲ್ಲಿ ಟೈಪ್ ಮಾಡುತ್ತಿದ್ದವಳು ಶಿಷ್ಯೆ ನೀಲಾಂಬಿಕೆ. ಟೇಪು ಸವೆದು ಮಾತು ಅರ್ಧಂಬರ್ಧ ಕೇಳುತ್ತಿತ್ತು. ಅದರಲ್ಲಿ ಬುದ್ಧಿಯವರು ಏನು ಹೇಳಿದ್ದಾರೆಂದು ಹಿಡಿಯಲು ಬರುತ್ತಿದ್ದುದು ಅವಳೊಬ್ಬಳಿಗೇ. ವಾರಕ್ಕೊಮ್ಮೆ ಹೋಗಿ ಪುಟಗಳನ್ನು ತಿದ್ದಿಕೊಡುವುದು ನನ್ನ ಕೆಲಸ.

ಆ ದಿನ ನಾನು ಹೋದಾಗ ಅವಳು ಜಗಲಿಯ ಕೊನೆಯಲ್ಲಿ ಗೋಣಿಚೀಲದ ಮೇಲೆ ಕೂತಿದ್ದಳು.

“ಯಾಕಮ್ಮ ಇಲ್ಲಿ?”

“ಮರುಳಸಿದ್ಧಣ್ಣನ್ನ ಕೇಳಿ.”

ಮರುಳಸಿದ್ಧ ಹಿರಿಯ ಶಿಷ್ಯ. ಒಳಗೆ ಕಂಪ್ಯೂಟರಿನ ವೈರುಗಳನ್ನೆಲ್ಲ ಕಿತ್ತು, ಸಿಕ್ಕಿಸಿ, ಮತ್ತೆ ಕಿತ್ತು ಬೆವರುತ್ತಿದ್ದ.

“ಅವಳು ಹೊರಗಾಗಿದ್ದಾಳೆ ಅಮ್ಮ. ಹಾಗೇ ಬಂದು ಮುಟ್ಟಿದಳು. ಆಮೇಲಿಂದ ಇದು ಶುರುವಾಗ್ತಿಲ್ಲ.”

“ಹಾಗಂತ ನಿನಗೆ ಹೇಳಿದವರು ಯಾರು?”

“ಬೆಳಿಗ್ಗೆ ಹೊಟ್ಟೆನೋವು ಅಂತ ಜೀರಿಗೆ ಕಷಾಯ ಕೇಳಿದ್ದಳು.”

ಕಷಾಯದ ಲೋಟ ನೋಡಿ ಹೆಣ್ಣುಮಗಳ ಮೈಯ ಲೆಕ್ಕ ಹಾಕಿದ್ದ ಈ ಬ್ರಹ್ಮಚಾರಿ. ನಾನು ಬಿ.ಎಸ್ಸಿ. ಓದಿದವಳು. ಬಾಯಿಗೆ ಬಂದದ್ದನ್ನು ನುಂಗಿಕೊಳ್ಳಲಿಲ್ಲ.

“ಕರೆಂಟ್ ಆಫೀಸಿನವರು ನಿನ್ನ ಮಡಿ ವಿಚಾರಿಸಿಕೊಂಡು ಕರೆಂಟ್ ಬಿಡ್ತಾರೇನಪ್ಪ?”

“ನಿಮಗೆ ಇದೆಲ್ಲ ತಮಾಷೆ ಅಮ್ಮ. ಬುದ್ಧಿಯವರ ಮಾತೆಲ್ಲ ಇದರೊಳಗೇ ಇದೆ.”

ಅಷ್ಟರಲ್ಲಿ ಬುದ್ಧಿಯವರು ಹೊಳೆಯಲ್ಲಿ ಸ್ನಾನ ಮುಗಿಸಿ ಬಂದರು. ಜಗಲಿಯಲ್ಲಿ ಕೂತವಳನ್ನು ನೋಡಿದರು. ಒಳಗೆ ಬಂದರು.

“ಏನು ಕಂಡೆ?”

“ನೀಲಾಂಬಿಕೆ ಮುಟ್ಟಿದ್ದಾಳೆ ಬುದ್ಧಿ.”

“ಅದು ನಿನ್ನ ತೀರ್ಪು. ಕಂಡದ್ದು ಹೇಳು.”

“ಶುರುವಾಗ್ತಿಲ್ಲ.”

“ಅದು ಆಗದೇ ಇರೋದು. ಸ್ವಿಚ್ ಒತ್ತಿದರೆ ಆಗೋದೇನು?”

ಮರುಳಸಿದ್ಧ ಸ್ವಿಚ್ಚಿನ ಕಡೆ ತಿರುಗಿದ. ಬೆಳಗಿನಿಂದ ಒತ್ತುತ್ತಲೇ ಇದ್ದ, ನೋಡಿರಲಿಲ್ಲ.

“ಒಂದು ಸಲ ಒತ್ತಿ, ಕೈಕಟ್ಟಿ ನಿಲ್ಲು.”

ಒತ್ತಿದ.

“ದೀಪ?”

“ಹತ್ತಿತು.”

“ಹಾಗಾದರೆ ಕರೆಂಟಿಗೆ ಮೈಲಿಗೆ ಆಗಿಲ್ಲ. ಒಳಗಿನ ಫ್ಯಾನು?”

“ತಿರುಗ್ತಿದೆ.”

“ಅದಕ್ಕೂ ಆಗಿಲ್ಲ. ಪರದೆ?”

“ಕಪ್ಪಗಿದೆ. ಅದರ ವೈರು ಗಟ್ಟಿಯಾಗೇ ಇದೆ ಬುದ್ಧಿ.”

“ಸದ್ದು?”

“ಮೂರು ಸಲ ಬೀಪ್ ಅಂತು.”

“ಬೆಳಿಗ್ಗೆಯಿಂದಲೂ ಅಂತಿತ್ತಾ?”

“ಇರಬೇಕು. ನಾನು ಅವಳನ್ನ ಬೈತಾ ಇದ್ದೆ, ಕೇಳಿಸಲಿಲ್ಲ.”

“ಈ ಯಂತ್ರ ಮೂರು ಸಲ ಕೂಗಿದರೆ ಮೆಮೊರಿ ಪಟ್ಟಿ ಅದಕ್ಕೆ ಸಿಗ್ತಿಲ್ಲ ಅಂತ. ಕರೆಂಟಿನ ವೈರು ತೆಗಿ. ಪಕ್ಕದ ತಗಡು ಬಿಚ್ಚು.”

ಬಿಚ್ಚಿದ. ಒಳಗಿನ ಹಸಿರು ಹಲಗೆ ಕಾಣದ ಹಾಗೆ ಬಿಳಿ ಪುಡಿ ಕೂತಿತ್ತು. ಮೇಲೆ ಜಿಡ್ಡು.

“ಮೂಸಿ ನೋಡು.”

ಮೂಸಿದ.

“ವಿಭೂತಿ ಬುದ್ಧಿ. ಸಾಂಬ್ರಾಣಿ ವಾಸನೆನೂ ಇದೆ.”

“ಯಾರು ಹಾಕಿದ್ದು?”

“ನಾನೇ. ತಮ್ಮ ಮಾತು ಇರೋ ಪೆಟ್ಟಿಗೆ ಅಂತ ದಿನಾ ವಿಭೂತಿ ಹಚ್ಚಿ ಹೊಗೆ ಹಾಕ್ತಿದ್ದೆ. ತೂತಿನ ಹತ್ತಿರ ಹಿಡಿದರೆ ಒಳಗೂ ಹೋಗುತ್ತೆ ಅಂತ...”

“ಹೋಗಿದೆ.”

ಬುದ್ಧಿಯವರು ಮೈಯಲ್ಲಿನ ವಿದ್ಯುತ್ ಇಳಿದುಹೋಗಲೆಂದು ಪೆಟ್ಟಿಗೆಯ ಕಬ್ಬಿಣ ಮುಟ್ಟಿ, ಮೆಮೊರಿ ಪಟ್ಟಿಯನ್ನು ಹೊರಗೆ ತೆಗೆದರು. ಅದರ ಹಳದಿ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಿದರು. ಅದು ಕೂರುವ ಜಾಗವನ್ನು ಬ್ರಷ್ಷಿನಿಂದ ಗುಡಿಸಿ, ಎರಡು ತುದಿಯಲ್ಲೂ ಟಕ್ಕೆನ್ನುವವರೆಗೆ ಒತ್ತಿ ಕೂರಿಸಿದರು.

ಸ್ವಿಚ್ ಒತ್ತಿದಾಗ ಒಂದೇ ಬೀಪ್. ಪರದೆ ಬೆಳಗಿತು. ಅವಳು ಟೈಪ್ ಮಾಡಿದ್ದೆಲ್ಲ ಹಾಗೇ ಇತ್ತು.

“ಬದುಕಿಕೊಂಡೆ,” ಎಂದು ಮರುಳಸಿದ್ಧ ಅಲ್ಲೇ ನೆಲದ ಮೇಲೆ ಕೂತುಬಿಟ್ಟ.

“ನೀನು ಬದುಕಿಕೊಂಡೆ ಸರಿ. ಅವಳು?” ಎಂದೆ ನಾನು.

ಬುದ್ಧಿಯವರೇ ಎದ್ದು ಜಗಲಿಗೆ ಹೋದರು.

“ಒಳಗೆ ಬಾರಮ್ಮ. ನಿನ್ನ ತಪ್ಪಿಲ್ಲ ಅಂತ ಗೊತ್ತಾಯಿತು.”

ನೀಲಾಂಬಿಕೆ ಏಳಲಿಲ್ಲ.

“ಹೇಗೆ ಗೊತ್ತಾಯಿತು ಬುದ್ಧಿ?”

“ಒಳಗೆ ಬೂದಿ ಇತ್ತು.”

“ಬೂದಿ ಸಿಗದೇ ಹೋಗಿದ್ದರೆ?”

ಅವರು ಗೋಣಿಚೀಲದ ಕಡೆ ನೋಡಿದರು.

“ಇನ್ನೂ ಇಲ್ಲೇ ಕೂತಿರ್ತಿದ್ದೆ, ಅಲ್ವಾ?”

ಹೊರಗಾದವರನ್ನು ದೂರ ಕೂರಿಸುವ ಪದ್ಧತಿ ಅವರ ಆಶ್ರಮದ್ದೇ. ಆ ಗೋಣಿಚೀಲವನ್ನು ದಾಟಿಕೊಂಡೇ ಅವರು ಪಾಠಕ್ಕೆ ಬರುತ್ತಿದ್ದರು. ರೇಡಿಯೋ ಕಲಿಸಿದ ಮನುಷ್ಯ, ಯಾವ ತಂತಿ ಎಲ್ಲಿಗೆ ಹೋಗುತ್ತದೆಂದು ಬಲ್ಲವರು, ಅದರ ಬಗ್ಗೆ ಒಂದು ದಿನವೂ ತುಟಿ ಬಿಚ್ಚಿರಲಿಲ್ಲ. ನನ್ನ ಸಿಟ್ಟಿನಲ್ಲಿ ಅವರಿಗೂ ಪಾಲಿದೆ.

ನೀಲಾಂಬಿಕೆ ಬಟ್ಟೆಯ ಚೀಲ ತೆಗೆದುಕೊಂಡು ಮಧ್ಯಾಹ್ನದ ಬಸ್ಸಿಗೆ ಹೊರಟಳು.

“ಅರ್ಧಕ್ಕೆ ನಿಲ್ಲಿಸಿದ ಕ್ಯಾಸೆಟ್ ಟೇಪ್ ರೆಕಾರ್ಡರಿನಲ್ಲೇ ಇದೆ ಅಮ್ಮ,” ಎಂದಳು ನನಗೆ. ಅಷ್ಟೇ ಅಂದದ್ದು.

ಬುದ್ಧಿಯವರು ಬಿಸಿಲಿನಲ್ಲಿ ಬಸ್ಸಿನವರೆಗೂ ಅವಳ ಹಿಂದೆ ನಡೆದರು. ಅವಳು ತಿರುಗಿ ನೋಡಲಿಲ್ಲ.

ಹೊರಗೆ ಕೂರಿಸುವ ಪದ್ಧತಿ ಅವತ್ತಿಗೇ ನಿಂತಿತು. ಮರಳಿ ಬಾ ಎಂದು ಬುದ್ಧಿಯವರು ಎಷ್ಟೋ ಸಲ ಹೇಳಿ ಕಳಿಸಿದರು. ಅವಳು ಬರಲಿಲ್ಲ. ಮರುಳಸಿದ್ಧ ಟೇಪಿಗೆ ಕಿವಿಯಿಟ್ಟು ತಿಂಗಳುಗಟ್ಟಲೆ ಕೂತ. ಅವನು ಬರೆದ ಪುಟಗಳನ್ನು ಬುದ್ಧಿಯವರಿಗೆ ಓದಿ ಹೇಳಿದೆ.

“ಇದು ನಾನು ಹೇಳಿದ್ದಲ್ಲ,” ಎಂದರು. “ಏನು ಹೇಳಿದ್ದೆ ಅಂತ ನನಗೂ ನೆನಪಿಲ್ಲ.”

ವರ್ಷದ ಕೊನೆಗೆ ಮರುಳಸಿದ್ಧ ಆಶ್ರಮದ ವರದಿ ಬರೆಯಲು ಕೂತ. ಕಂಪ್ಯೂಟರಿನ ವಿಷಯ ಬಂದಾಗ ಪೆನ್ನು ನಿಂತಿತು.

“ಬುದ್ಧಿ, ರಿಪೇರಿಗೆ ಏನು ಖರ್ಚಾಯಿತು ಅಂತ ಬರೀಲಿ?”

“ಯಂತ್ರಕ್ಕೆ ಖರ್ಚಿಲ್ಲ. ನೀಲಾಂಬಿಕೆ ಹೋದಳು. ಉಳಿದ ಕ್ಯಾಸೆಟ್ಟುಗಳನ್ನ ಕೇಳಿ ಬರೆಯೋರು ಇಲ್ಲ. ಅಷ್ಟು ಬರಿ. ಅವಳನ್ನ ಕಳಿಸಿದವರ ಹೆಸರು ಬರೆಯುವಾಗ ನನ್ನದು ಮೊದಲು ಬರಿ.”