ಬಂಡೆ ಎತ್ತಿಟ್ಟ ಪಾಲು

ಭೂಮಿ ಇನ್ನೂ ಹಸಿಹಸಿಯಾಗಿತ್ತು. ಮರಗಳಿಗೆ ಹೆಸರಿರಲಿಲ್ಲ, ಏಕೆಂದರೆ ಮರಗಳೇ ಇರಲಿಲ್ಲ. ಆಗ ಎಲ್ಲರಿಗಿಂತ ಮೊದಲು ಎದ್ದು ಕೂತದ್ದು ಒಂದು ಬಂಡೆ. ಲಾಲ್‌ಬಾಗ್‌ಗೆ ಹೋದಾಗಲೆಲ್ಲ ನನ್ನ ಕೈ ಬಿಡಿಸಿಕೊಂಡು ಓಡಿ ಹತ್ತುತ್ತೀಯಲ್ಲ ಮಗು, ಅದೇ ಬಂಡೆ.

ಬೇಗ ಏಳುವುದು ಒಳ್ಳೆಯದು ಎಂದು ದೊಡ್ಡವರು ಹೇಳುತ್ತಾರೆ. ಆದರೆ ಎಲ್ಲರಿಗಿಂತ ಮೊದಲು ಎದ್ದವರಿಗೆ ಮಾತಾಡಲು ಯಾರೂ ಸಿಗುವುದಿಲ್ಲ. ಬಂಡೆ ಒಂಟಿಯಾಗಿತ್ತು. ಅದಕ್ಕೆ ಬಹಳ ಬೇಸರವಾಗುತ್ತಿತ್ತು.

ಗಾಳಿ ಬಂತು. ಸ್ವಲ್ಪ ಹೊತ್ತು ಕೂತು ಹೋಗು ಎಂದು ಬಂಡೆ ಕರೆಯಿತು. ಕೂತರೆ ನಾನು ಗಾಳಿಯೇ ಅಲ್ಲ ಎಂದು ಗಾಳಿ ಹೋಯಿತು. ಮಳೆ ಬಂತು. ಸ್ವಲ್ಪ ಹೊತ್ತು ಕೂತು ಹೋಗು ಎಂದು ಬಂಡೆ ಕರೆಯಿತು. ನಿನ್ನ ಬೆನ್ನು ಜಾರುತ್ತದೆ ಎಂದು ಮಳೆ ಇಳಿದು ಹೋಯಿತು. ಹಾರಿಬಂದ ಬೀಜವಂತೂ ಮಣ್ಣಿಲ್ಲದ ಮನೆ ನನಗೆ ಬೇಡ ಎಂದು ಮುಖ ತಿರುಗಿಸಿತು.

ಸೂರ್ಯ ಮಾತ್ರ ದಿನವೂ ಬರುತ್ತಿದ್ದ. ಅವನಿಗೂ ಕೂರಲು ಪುರುಸೊತ್ತಿಲ್ಲ. ಆದರೆ ಅವನು ಬರಿಗೈಯಲ್ಲಿ ಬರುವವನಲ್ಲ. ಬಂದಾಗಲೆಲ್ಲ ಬಂಡೆಯ ಮಡಿಲು ತುಂಬ ಬಿಸಿಲು ಸುರಿದು, ಯಾರಾದರೂ ಬಂದರೆ ಕೊಡು ಎಂದು ಹೇಳಿ ಹೋಗುತ್ತಿದ್ದ. ಯಾರು ಬರಬೇಕು? ಬಂಡೆ ಕಾಯುತ್ತಾ ಕೂತಿತು.

ಎಷ್ಟೋ ಕಾಲದ ಮೇಲೆ ಜನ ಬಂದರು. ಬಂಡೆಯ ಸುತ್ತ ತೋಟ ಮಾಡಿದರು. ಸಮುದ್ರದಾಚೆಯಿಂದ ಮರಗಳನ್ನು ತಂದು ನೆಟ್ಟು, ಒಂದೊಂದಕ್ಕೂ ಹೆಸರಿನ ಹಲಗೆ ಹಾಕಿದರು. ಮರಗಳೋ, ನಿನ್ನೆ ಮೊನ್ನೆ ಬಂದವು, ಗತ್ತು ಮಾತ್ರ ಬೆಟ್ಟದಷ್ಟು. ಊರಿಗೆ ಊರೇ ಹೂ ನೋಡಲು ಬಂತು. ಅಂತೂ ನೆಂಟರು ಬಂದರೆಂದು ಬಂಡೆ ಹಿಗ್ಗಿತು.

ಆ ಹಿಗ್ಗಿನಲ್ಲೇ ಅದು ಎಡವಟ್ಟು ಮಾಡಿಕೊಂಡಿತು. ಮಧ್ಯಾಹ್ನ ಯಾರು ಕಾಲಿಟ್ಟರೂ ಮಡಿಲಲ್ಲಿದ್ದ ಬಿಸಿಯನ್ನೆಲ್ಲ ಒಟ್ಟಿಗೇ ಅವರ ಅಂಗಾಲಿಗೆ ಕೊಟ್ಟುಬಿಡುತ್ತಿತ್ತು. ಜನ ಕುಣಿಯುತ್ತಾ ಓಡಿದರು. ಸಂಜೆ ಬಂದವರು ತುದಿ ಹತ್ತಿದರು, ದೂರದ ಊರು ನೋಡಿದರು, ಇಳಿದು ಹೋದರು. ಅಷ್ಟು ಹೊತ್ತಿಗೆ ಕೊಡಲು ಬಂಡೆಯ ಹತ್ತಿರ ಏನೂ ಉಳಿದಿರುತ್ತಿರಲಿಲ್ಲ. ಯಾರೂ ಇಲ್ಲದಾಗಿನ ಒಂಟಿತನಕ್ಕಿಂತ, ಜನ ಬಂದು ಬಂದು ಹೋಗುವ ಒಂಟಿತನ ಹೆಚ್ಚು ನೋಯಿಸಿತು.

ಆಗ ಪೇಟೆಯಲ್ಲಿ ಸಂಕಮ್ಮ ಎಂಬ ಮುದುಕಿಯಿದ್ದಳು. ಸೊಪ್ಪು ಮಾರುವವಳು. ಹಿಂದಿನ ಚಳಿಗಾಲದಲ್ಲಿ ಅವಳ ಗಂಡ ತೀರಿಕೊಂಡಿದ್ದ. ಮನೆಗೆ ಹೋದರೆ ಗೋಡೆಗಳ ಜೊತೆ ಮಾತಾಡಬೇಕು. ಅದಕ್ಕೇ ಒಂದು ಸಂಜೆ ಖಾಲಿ ಬುಟ್ಟಿ ಹಿಡಿದುಕೊಂಡು ತೋಟಕ್ಕೆ ಬಂದಳು. ಅವಳು ತುದಿ ಹತ್ತಲಿಲ್ಲ, ದೂರ ನೋಡಲಿಲ್ಲ. ಬಂಡೆಯ ಮೇಲೆ ಸುಮ್ಮನೆ ಕೂತಳು.

ಪುಷ್ಯ ಮಾಸದ ಚಳಿ. ಬಂಡೆ ತಣ್ಣಗಿತ್ತು. ಅದಕ್ಕೆ ನಾಚಿಕೆಯಾಯಿತು. ಬಂದವರಿಗೆಲ್ಲ ಇದ್ದದ್ದನ್ನೆಲ್ಲ ಕೊಟ್ಟೆ, ಒಬ್ಬರೂ ನಿಲ್ಲಲಿಲ್ಲ, ಈಗ ನೀನು ಕೂತಿದ್ದೀಯ, ನಿನಗೆ ಕೊಡಲು ಏನೂ ಇಲ್ಲ ಎಂದು ಹೇಳಿಕೊಂಡಿತು.

ಸಂಕಮ್ಮ ಸೆರಗು ಹೊದ್ದುಕೊಂಡು ನಕ್ಕಳು. "ಬಂದ್ ತಕ್ಷಣ ಮಡಕೇನೇ ಮಗುಚಿದ್ರೆ ಯಾರ್ ಉಣ್ತಾರೆ? ಸ್ವಲ್ಪ ಸ್ವಲ್ಪ ಬಡಿಸ್ಬೇಕು. ಎಲ್ರದೂ ಆದ್ಮೇಲೂ ತಳದಲ್ಲಿ ಒಂದ್ ತುತ್ತು ಇಟ್ಟಿರ್ಬೇಕು. ಹೊತ್ತಾಗಿ ಬರೋರು ಒಬ್ರಾದ್ರೂ ಇರ್ತಾರೆ."

"ಯಾರೂ ಬರದಿದ್ದರೆ?" ಎಂದು ಕೇಳಿತು ಬಂಡೆ.

ಸಂಕಮ್ಮ ಖಾಲಿ ಬುಟ್ಟಿಯನ್ನು ಹತ್ತಿರಕ್ಕೆ ಎಳೆದುಕೊಂಡಳು. ಆಮೇಲೆ ಹೇಳಿದಳು: "ನಮ್ಮನೇಗೂ ಈಗ ಯಾರೂ ಬರಲ್ಲ. ಆದ್ರೂ ಇಡ್ತೀನಿ."

ಮರುದಿನದಿಂದ ಬಂಡೆ ಕೈ ಹಿಡಿದು ಬಡಿಸಿತು. ಮಧ್ಯಾಹ್ನ ಅಂಗಾಲು ಇನ್ನೂ ಚುರುಕ್ಕೆನ್ನುತ್ತಿತ್ತು, ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲವಲ್ಲ. ಆದರೆ ಒಂದು ಪಾಲನ್ನು ಒಳಗೆ, ಆಳದಲ್ಲಿ, ಎತ್ತಿಟ್ಟಿತು. ಸಂಜೆ ಸಂಕಮ್ಮ ಬಂದು ಕೂತಾಗ ಕೆಳಗೆ ಬೆಚ್ಚಗಿತ್ತು. ಅವಳು ಕಾಲು ಚಾಚಿಕೊಂಡು ಗಂಡನ ಸುದ್ದಿ ಹೇಳಿದಳು, ಸೊಪ್ಪಿನ ಸುದ್ದಿ ಹೇಳಿದಳು. ಆ ಚಳಿಗಾಲವೆಲ್ಲ ಬಂದು ಹೇಳಿದಳು. ಬಂಡೆಗೆ ಅಷ್ಟು ಸುಖ ಎಂದೂ ಸಿಕ್ಕಿರಲಿಲ್ಲ.

ಒಂದು ಸಂಜೆ ಅವಳು ಬರಲಿಲ್ಲ. ಮರುದಿನವೂ ಬರಲಿಲ್ಲ. ಮುದುಕಿ ತೀರಿಕೊಂಡಳಂತೆ ಎಂದು ಗಾಳಿ ಪೇಟೆಯಿಂದ ಸುದ್ದಿ ತಂದಿತು. ಅಂಥ ಸುದ್ದಿ ಹೇಳಿಯೂ ಅದು ಒಂದು ಗಳಿಗೆ ಕೂರಲಿಲ್ಲ.

ಇನ್ನು ಯಾರಿಗಾಗಿ ಎತ್ತಿಡುತ್ತೀಯ, ಎಲ್ಲ ಬಡಿಸಿಬಿಡು ಎಂದಿತು ಪಕ್ಕದ ಮರ.

"ಅವಳಿಗೆ ಹೊತ್ತಾಗಿದೆ, ಅಷ್ಟೇ," ಎಂದಿತು ಬಂಡೆ. ಅಂದೂ ಒಂದು ಪಾಲು ಎತ್ತಿಟ್ಟಿತು.

ಅದಕ್ಕೇ ಮಗು, ಸೂರ್ಯ ಮುಳುಗಿ, ಹುಲ್ಲು, ಮಣ್ಣು, ಬೆಂಚು ಎಲ್ಲ ತಣ್ಣಗಾಗಿ, ಕಾವಲುಗಾರ ಹೊರಡಿ ಹೊರಡಿ ಎಂದು ಶಿಳ್ಳೆ ಊದುವ ಹೊತ್ತಿಗೂ, ನೀನು ಅಂಗೈ ಇಟ್ಟು ನೋಡಿದರೆ ಆ ಬಂಡೆ ಇನ್ನೂ ಸಂಕಮ್ಮನಿಗಾಗಿ ಬೆಚ್ಚಗಿರುತ್ತದೆ.