ಕೊಟ್ಟವರ ಹೆಸರು

ಕಾಲೇಜಿನ ಓಟಗಾರ್ತಿ ರೇಣವ್ವ ತನ್ನೂರಿನ ಪಂದ್ಯದಲ್ಲಿ ಓಡಿ ಗೆದ್ದು ಹಿತ್ತಾಳೆಯ ಕೊಡ ತಂದಳು. ಅನುಮತಿಯಿಲ್ಲದೆ ಹೊರಗಿನ ಪಂದ್ಯದಲ್ಲಿ ಬಹುಮಾನ ಪಡೆಯಬಾರದೆಂಬುದು ವಿಶ್ವವಿದ್ಯಾಲಯದ ನಿಯಮ. ಪಾಪ, ಅದು ಅವಳಿಗೆ ಗೊತ್ತಿರಲಿಲ್ಲ. ಸೋಮವಾರವೇ ದೊಡ್ಡ ಕ್ರೀಡಾಕೂಟ. ಸುದ್ದಿ ಕೇಳಿ ಕ್ರೀಡಾ ನಿರ್ದೇಶಕ ಹಂಚಿನಾಳ ಸಾಹೇಬರು ಕೆಂಡವಾದರು.

"ಒಂದು ವರ್ಷ ಆಕಿ ಓಡೂ ಹಂಗಿಲ್ಲ! ಆದೇಶ ಬರಕೊಂಡು ಬಾ," ಎಂದು ಗುಮಾಸ್ತ ದ್ಯಾಮಣ್ಣನಿಗೆ ಗುಡುಗಿದರು.

ದ್ಯಾಮಣ್ಣ ನಿಯಮದ ಪುಸ್ತಕ ತೆರೆದು ಓದಿದ. ಮೆತ್ತಗೆ ಕೇಳಿದ: "ಸಾಹೇಬ್ರ, ಬಹುಮಾನ ತಗೊಂಡವರಿಗೂ ಕೊಟ್ಟವರಿಗೂ ಒಂದೇ ಶಿಕ್ಷೆ ಅಂತ ಐತ್ರಿ. ಕೊಟ್ಟವರೂ ನಮ್ಮ ವಿಶ್ವವಿದ್ಯಾಲಯದವರೇ. ಅವರ ಹೆಸರೂ ಬರೀಲೇನ್ರಿ?"

"ಕೇಳೂದೇನೈತಿ? ಯಾವನೇ ಇರಲಿ, ದಪ್ಪ ಅಕ್ಷರದಾಗ ಬರಿ!"

ದ್ಯಾಮಣ್ಣ ಬರೆದು ತಂದ. ಜೊತೆಗೆ ಪಂದ್ಯದ ಫೋಟೊ ಇಟ್ಟ. ಅದರಲ್ಲಿ ಮುಖ್ಯ ಅತಿಥಿ ಹಂಚಿನಾಳ ಸಾಹೇಬರು, ಕೊರಳಲ್ಲಿ ಹಾರ, ತಲೆಯ ಮೇಲೆ ಪೇಟ, ನಗುನಗುತ್ತ ರೇಣವ್ವನಿಗೆ ಕೊಡ ಕೊಡುತ್ತಿದ್ದರು. ವಾರಕ್ಕೆ ನಾಲ್ಕು ಸಮಾರಂಭಕ್ಕೆ ಹೋಗುವವರಿಗೆ ಯಾರಿಗೆ ಏನು ಕೊಟ್ಟೆವೆಂಬ ನೆನಪೆಲ್ಲಿ?

ಸಾಹೇಬರು ಫೋಟೊ ನೋಡಿದರು. ದಪ್ಪ ಅಕ್ಷರ ನೋಡಿದರು. ಒಂದು ಲೋಟ ನೀರು ಕುಡಿದರು.

"ದ್ಯಾಮಣ್ಣಾ, ಬ್ಯಾರೆ ದಾರಿ ಏನರ ಐತೇನಪಾ?"

"ಐತ್ರಿ. ಗೊತ್ತಿಲ್ಲದೆ ಆದ ಮೊದಲ ತಪ್ಪಿಗೆ ಬರೇ ಎಚ್ಚರಿಕೆ ಪತ್ರ ಸಾಕಂತ್ರಿ."

"ಹಂಗಾರ ಲಗೂನ ಹಂಗ ಮಾಡು ಮಾರಾಯ!"

ಸೋಮವಾರ ರೇಣವ್ವ ಓಡಿದಳು, ಗೆದ್ದಳು. ಆದರೆ ದ್ಯಾಮಣ್ಣ ನಿಯಮದ ಮನುಷ್ಯ. ಕೊಟ್ಟವರ ಹೆಸರಿಗೆ ಎರಡನೆಯ ಎಚ್ಚರಿಕೆ ಪತ್ರವನ್ನೂ ಮರೆಯದೆ ಟೈಪು ಮಾಡಿ ತಂದ. ಸಾಹೇಬರು ಕಳಿಸಿದವರ ಜಾಗದಲ್ಲೊಂದು ಸಹಿ ಹಾಕಿ, 'ನನಗೆ ತಲುಪಿತು' ಎಂಬಲ್ಲಿ ಇನ್ನೊಂದು ಹಾಕಿದರು.